ತಳದ ನೀರಿನ ತೂಬು

ನೀರಲ್ಲಿಟ್ಟ ಕೈಯ ಕಾವು ಇನ್ನೂ ಅರ್ಧ ಇಳಿದಿರಲಿಲ್ಲ. ಅಷ್ಟರಲ್ಲಿ ಪಕ್ಕದ ಮೆಟ್ಟಿಲಲ್ಲಿ ಕೂತಿದ್ದ ಕುಂಬಾರರ ಸಾಕವ್ವ, "ಒಸಿ ಅತ್ಲಾಗೆ ಸರಿಯೇ ಮಂಚಮ್ಮ, ನಿನ್ನ ಕಾವೆಲ್ಲ ನನ್ನ ಕೈಗೇ ಬಡೀತೈತೆ" ಅಂದಳು. ನಾನು ಸರಿಯಲಿಲ್ಲ. ಮೊಣಕೈವರೆಗೆ ಮುಳುಗಿಸಿ ಕೂತ ಮೇಲೆ ನಡುವೆ ಕದಲಿದರೆ ಅರ್ಧಂಬರ್ಧ ಇಳಿದದ್ದು ಮತ್ತೆ ಭುಜಕ್ಕೆ ಏರುತ್ತದೆ, ದಿನವಿಡೀ ಕಾಡುತ್ತದೆ.

"ನಿನ್ನೆ ಏನಾಯ್ತು?" ಎಂದು ಕೇಳಿದಳು.

"ಮುದ್ದೇಲಿ ಗಂಟಿತ್ತಂತೆ. ತಟ್ಟೆ ಅಂಗಳಕ್ಕೆ ಹೋಯ್ತು."

"ಅಷ್ಟೇನಾ? ಅಷ್ಟಕ್ಕೇ ಇಷ್ಟು ಬಿಸೀನಾ?"

"ಮೊನ್ನೆದೂ ಒಸಿ ಉಳಿದಿತ್ತು."

ಸಾಕವ್ವ ನಕ್ಕಳು. ನನ್ನನ್ನು ಆಡಿಕೊಳ್ಳುವ ಅವಳ ಮುಂಗೈ ಸುತ್ತ ನೀರು ಸಣ್ಣಗೆ ಗುಳ್ಳೆ ಬಿಡುತ್ತಿತ್ತು. ಅವಳ ಅತ್ತೆಯ ಮನೆ ದೊಡ್ಡದು, ಅನ್ನುವವರೂ ಹೆಚ್ಚು.

ನಮ್ಮೂರಲ್ಲಿ ಹೆಂಗಸರು ಬೆಳಗ್ಗೆ ಕೊಳಕ್ಕೆ ಬಂದು ಕೈಯ ಕಾವು ಇಳಿಸಿಯೇ ಒಲೆ ಹಚ್ಚಬೇಕು. ಹೊಸದಾಗಿ ಬಂದ ಸೊಸೆಗೆ ಮೊದಲು ಕೊಳ ತೋರಿಸುತ್ತಾರೆ, ಆಮೇಲೆ ಅಡುಗೆಮನೆ. ಇಳಿಸದ ಕೈಯಲ್ಲಿ ಮುಟ್ಟಿದ ಹಾಲು ಒಡೆಯುತ್ತದೆ, ಬೇಯಿಸಿದ ಅನ್ನ ಗಂಡಸರ ಹೊಟ್ಟೆಯಲ್ಲಿ ಉರಿಯುತ್ತದೆ ಎಂದು ಹೇಳುತ್ತಾರೆ. ಹಿಂದಿರುಗಿ ಹೊಸಿಲಿಗೆ ಬಂದಾಗ ಮನೆಯಲ್ಲಿ ಇದ್ದವರು "ಇಳೀತಾ?" ಎಂದು ಕೇಳುತ್ತಾರೆ, "ಇಳೀತು" ಎಂದು ಹೇಳಿ ಒಳಗೆ ಕಾಲಿಡಬೇಕು. ಕೊಳದ ಆಚೆ ದಡದಲ್ಲಿ ಗಂಡಸರ ಮೆಟ್ಟಿಲು. ನಮ್ಮ ಕಡೆಯ ಬಿಸಿ ಅಷ್ಟು ದೂರ ಹೋಗುವ ಹೊತ್ತಿಗೆ ಉಗುರುಬೆಚ್ಚಗಾಗಿರುತ್ತದೆ. ಅವರು ಮುಳುಗಿ ಎದ್ದು, "ಆಹಾ, ಹದವಾಗೈತೆ" ಎನ್ನುತ್ತಾರೆ.

ಬಿಸಿ ನೀರು ಮೇಲೇ ತೇಲುತ್ತದೆ. ಹೆಚ್ಚಾದ ನೀರು ಹೋಗಲು ನಮ್ಮ ಮೆಟ್ಟಿಲಿನಿಂದ ಸ್ವಲ್ಪ ಮುಂದೆ, ನೀರಿನ ನಡುವೆ, ಇಟ್ಟಿಗೆಯ ಟೊಳ್ಳು ಕಂಬವೊಂದು ನಿಂತಿತ್ತು. ಅದರ ಬಾಯಿ ನೀರಿನ ಮಟ್ಟಕ್ಕೆ ಸರಿಯಾಗಿತ್ತು. ಕೊಳ ತುಂಬಿದಾಗ ಮೇಲುನೀರು ಆ ಬಾಯಿಗೆ ಬಿದ್ದು, ಏರಿಯ ಅಡಿಯಲ್ಲಿ ಹಾದು, ಆಚೆಯ ಹಳ್ಳಕ್ಕೆ ಇಳಿಯುತ್ತಿತ್ತು. ಅದೇ ನಮ್ಮೂರ ತೂಬು. ಅದನ್ನು ನೋಡಿಕೊಳ್ಳುವ ನೀರುಗಂಟಿ ನನ್ನ ಗಂಡ ಜವರಯ್ಯ. ಆ ಹಳ್ಳ ಹರಿದು ಹೋಗಿ ಸೇರುವ ಮೊದಲ ಹಟ್ಟಿ ನನ್ನ ತವರು.

ತವರಿನವರು ಮೀನು ಹಿಡಿಯುವವರು. ಮುಂಗಾರಿನ ಮೊದಲ ಮಳೆಗೆ ಗೆಂಡೆ ಮೀನು ದೊಡ್ಡ ಹೊಳೆಯಿಂದ ಹಳ್ಳಕ್ಕೆ ಹತ್ತಿ ಬಂದು ಮೊಟ್ಟೆ ಇಡುತ್ತಿದ್ದವು. ನಾನು ಮದುವೆಯಾಗಿ ಬಂದ ಮೇಲೆ ನಮ್ಮೂರು ಬೆಳೆಯಿತು, ಸೊಸೆಯಂದಿರು ಹೆಚ್ಚಿದರು, ಹಳ್ಳದ ನೀರು ಬಿಸಿಯಾಯಿತು. ಮೀನು ಹಳ್ಳದ ಬಾಯಿವರೆಗೆ ಬಂದು, ನೀರಿನ ರುಚಿ ನೋಡಿ, ಮುಖ ತಿರುಗಿಸಿ ಹೋಗತೊಡಗಿದವು. ನನ್ನ ಅವ್ವ ಮಾತ್ರ ದಿನಾ ಬೆಳಗ್ಗೆ ಹಳ್ಳಕ್ಕೆ ಕೈ ಹಾಕಿ ನನ್ನ ಸುದ್ದಿ ತಿಳಿದುಕೊಳ್ಳುತ್ತಿದ್ದಳು. ಅಷ್ಟೂ ಹೆಂಗಸರ ಕಾವಿನಲ್ಲಿ ಮಗಳದು ಯಾವುದು ಎಂದು ಅವಳಿಗೆ ಹೇಗೆ ಗೊತ್ತಾಗುತ್ತಿತ್ತೋ ನಾನು ಕೇಳಲಿಲ್ಲ. ಹೋದಾಗಲೆಲ್ಲ, "ಹೋದ ಹುಣ್ಣಿಮೆ ಮಾರನೇ ದಿನ ಏನೇ ಆಗಿತ್ತು?" ಎಂದು ಸರಿಯಾಗಿ ಕೇಳುತ್ತಿದ್ದಳು.

ಸಾಕವ್ವನ ಜೊತೆ ಮೆಟ್ಟಿಲಲ್ಲಿ ಕೂತಿದ್ದ ಆ ಬೆಳಗ್ಗೆಯೇ ನನ್ನ ತಂಗಿ ಹೊಂಬಾಳಿ ಏರಿ ಹತ್ತಿ ಬಂದಳು. ಅವಳು ತವರಿನ ಹಟ್ಟಿಯಲ್ಲೇ ಮದುವೆಯಾಗಿ ಅವ್ವನನ್ನು ನೋಡಿಕೊಂಡಿದ್ದಾಳೆ. ಮೀನಿನ ಬುಟ್ಟಿ ಸೊಂಟದಲ್ಲಿತ್ತು, ಖಾಲಿ.

"ಬರೋ ಮಳೆಗೂ ಮೀನು ಹತ್ತಲಿಲ್ಲ ಅಂದ್ರೆ ಎಲ್ರೂ ಬಲೆ ಸುತ್ಕೊಂಡು ಹೊಳೆ ಕೆಳಗಡೆ ಹೋಗೋದೂಂತ ಮಾತಾಗೈತೆ ಅಕ್ಕಾ. ಅವ್ವನ್ನೂ ಹೊತ್ಕೊಂಡು ಹೋಗ್ತೀವಿ. ಆಮೇಲೆ ನೀನು ತವರು ಅಂತ ಬಂದ್ರೆ ಅಲ್ಲಿ ಬರೀ ಒಲೆಗುಂಡು ಇರ್ತವೆ."

ನಿಮ್ಮ ನೀರಿನಿಂದಲೇ ಹೀಗಾಯಿತು ಎಂದು ಅವಳು ಹೇಳಲಿಲ್ಲ. ನನ್ನ ಕೈ ಆಗಲೂ ನೀರಲ್ಲೇ ಇತ್ತು. ಆ ಕೈಯಿಂದ ನಾನೇ ನನ್ನ ತವರಿನ ಒಲೆ ಆರಿಸುತ್ತಿದ್ದೇನೆ ಎನ್ನಿಸಿ, ಇಳಿಯುತ್ತಿದ್ದ ಕಾವು ಇನ್ನಷ್ಟು ಏರಿತು.

ಹೊಂಬಾಳಿ ಊರಿನ ಕಟ್ಟೆಗೆ ಹೋಗಿ ಯಜಮಾನ ಪುಟ್ಟತಮ್ಮಯ್ಯನವರ ಮುಂದೆ ಅದನ್ನೇ ಹೇಳಿದಳು. ಅವರು ಕೆಟ್ಟವರಲ್ಲ. ಕೇಳಿಸಿಕೊಂಡು, ಎಲೆ ಅಡಿಕೆ ಮೆದ್ದು, ತೀರ್ಪು ಕೊಟ್ಟರು. "ನ್ಯಾಯವಾದ ಮಾತು. ಇನ್ಮೇಲೆ ಹೆಂಗಸ್ರು ವಾರಕ್ಕೊಂದು ಸಲ ಇಳಿಸ್ಲಿ."

"ಮಿಕ್ಕ ದಿನ ಏನ್ಮಾಡದು ಯಜಮಾನ್ರೇ?" ಎಂದು ನಾನು ಕೇಳಿದೆ.

"ತಡ್ಕೊಳದು. ನಿಮಗೆ ತಾಳ್ಮೆ ಅಂಬೋದು ಹುಟ್ಟಿನಿಂದ ಬಂದೈತಲ್ಲವ್ವ."

"ಹಂಗಾದ್ರೆ ಗಂಡಸ್ರಿಗೂ ಹೇಳ್ಬಿಡಿ. ವಾರಕ್ಕೊಂದೇ ಸಲ ಕೊಡ್ಲಿ. ಕೊಟ್ಟಷ್ಟನ್ನೇ ನಾವು ಇಳಿಸ್ತೀವಿ."

ಹೆಂಗಸರ ಕಡೆಯಿಂದ ಕಿಸಕ್ಕೆಂದು ನಗು ಬಂತು. ಕಟ್ಟೆಯ ಕಲ್ಲಿಗೆ ಒರಗಿ ನಿಂತಿದ್ದ ಜವರಯ್ಯ ನನ್ನನ್ನು ನುಂಗುವಂತೆ ನೋಡಿದ. ನಾನು ಅವನ ಕಡೆ ತಿರುಗದೆ ಹೇಳಿದೆ: "ಕಾವು ಕಮ್ಮಿ ಮಾಡ್ಬೇಕಿಲ್ಲ. ನೀರು ಬಿಡೋ ಜಾಗ ಬದಲಾಯಿಸ್ಬೇಕು. ಮೇಲಿಂದು ಬಿಡೋ ಬದ್ಲು ತಳದ್ದು ಬಿಡನ. ತಳದಾಗೆ ನೀರು ತಣ್ಣಗೈತೆ."

ಅದು ಆ ಗಳಿಗೆಗೆ ಹೊಳೆದ ಮಾತಲ್ಲ. ಚಿಕ್ಕಂದಿನಲ್ಲಿ ಮಡುಗಳಲ್ಲಿ ಮುಳುಗಿ ಬೆಳೆದವಳಿಗೆ ಎದೆಮಟ್ಟದ ಕೆಳಗೆ ನೀರು ಹೇಗಿರುತ್ತದೆಂದು ಕಾಲಿಗೇ ಗೊತ್ತು. ಅವ್ವ ಹರಳೆಣ್ಣೆ ಕಾಯಿಸುವಾಗ ಎಣ್ಣೆ ಮೇಲೆ ತೇಲಿ ನೀರು ಅಡಿಯಲ್ಲಿ ಉಳಿಯುತ್ತಿತ್ತು. ಅವಳು ಪರಂಗಿ ಎಲೆಯ ಟೊಳ್ಳು ದಂಟನ್ನು ಮಡಕೆಯ ತಳಕ್ಕೆ ಇಳಿಬಿಟ್ಟು, ಹೊರಗಿನ ತುದಿಯನ್ನು ಬಾಗಿಸಿ ಒಮ್ಮೆ ಉಸಿರು ಎಳೆಯುತ್ತಿದ್ದಳು. ಅಡಿಯ ನೀರು ತಾನಾಗಿ ಹರಿದು ಬರುತ್ತಿತ್ತು, ಮೇಲಿನ ಎಣ್ಣೆ ಅಲುಗುತ್ತಿರಲಿಲ್ಲ. ದಂಟನ್ನು ಎತ್ತುವವರೆಗೆ ಅದು ನಿಲ್ಲುವುದಿಲ್ಲ ಎಂಬುದನ್ನು ಮಾತ್ರ ನಾನು ಆಗ ನೆನೆಸಿಕೊಳ್ಳಲಿಲ್ಲ.

ಸಾಕವ್ವನ ಅಂಗಳದಲ್ಲಿ ಬಾನಿಗೆ ನೀರು ತುಂಬಿ, ಹಳೆಯ ಕಂಬದ ಬದಲಿಗೆ ಸಣ್ಣ ಬಿದಿರು ಕೊಳವೆ ನಿಲ್ಲಿಸಿ, ಅದರ ಮೇಲೆ ದಪ್ಪ ಬಿದಿರು ಕೊಳವೆಯನ್ನು ಅಂಗಿಯಂತೆ ತೊಡಿಸಿ ತೋರಿಸಿದೆ. ಹೊರಗಿನದು ಕಲ್ಲುಗುಂಡಿನ ಮೇಲೆ ನಿಂತು ತಳದಿಂದ ಸ್ವಲ್ಪ ಎತ್ತರದಲ್ಲಿರಬೇಕು, ಮೇಲುಗಡೆ ನೀರಿಗಿಂತ ಉದ್ದವಿರಬೇಕು. ಆಗ ಮೇಲುನೀರಿಗೆ ಒಳಗೆ ಹೋಗಲು ದಾರಿಯಿಲ್ಲ. ತಳದ ನೀರೇ ಅಂಗಿಯ ಕೆಳಗಿನಿಂದ ನುಗ್ಗಿ, ಎರಡರ ನಡುವೆ ಏರಿ, ಒಳಗಿನ ಕೊಳವೆಯ ಬಾಯಿಗೆ ಬೀಳಬೇಕು. ಕೊಳದ ಮಟ್ಟ ಅಷ್ಟೇ ಇರುತ್ತದೆ, ಹೋಗುವುದು ತಣ್ಣೀರು.

"ಬಾವಿಗಿಳಿಸೋ ಮಣ್ಣಿನ ಬಳೆ ಸುಡ್ತೀನಲ್ಲ, ಅಂಥವೇ ಒಂದರ ಮೇಲೊಂದು ಕೂರಿಸಿದ್ರಾಯ್ತು" ಎಂದಳು ಸಾಕವ್ವ. "ಆದ್ರೆ ಬಾಯಿ?"

ಬಾಯಿಯ ಮಾತೇ ತೊಡಕಾಯಿತು. ನಮ್ಮೂರಲ್ಲಿ ಹೆಂಗಸರ ಮೆಟ್ಟಿಲ ಹತ್ತಿರ ಬಾಯಿ ತೆರೆದ ಯಾವುದನ್ನೂ ಇಡುವುದಿಲ್ಲ. ಇಳಿಸಿದ ಕಾವು ಅದರೊಳಗೆ ಹೊಕ್ಕು ಕೂತು, ಮುಸ್ಸಂಜೆಗೆ ಎದ್ದು ಬಂದು ಮತ್ತೆ ಮೈ ಏರುತ್ತದೆಂದು ಭಯ. ಬಿಂದಿಗೆಯನ್ನೂ ಬೋರಲು ಹಾಕಿಯೇ ಇಡುತ್ತೇವೆ. ಹಳೆಯ ಕಂಬಕ್ಕೆ ನೀರೇ ಮುಚ್ಚಳವಾಗಿತ್ತು. ನಮ್ಮದು ನೀರಿನ ಮೇಲೆ ಬಾಯಿ ತೆರೆದು ನಿಲ್ಲುವಂಥದ್ದು. ಯಜಮಾನರು ಒಪ್ಪಿಗೆ ಕೊಟ್ಟದ್ದೇ ಆ ಬಾಯಿ ಮುಚ್ಚುವ ಮಾತಿನ ಮೇಲೆ. ನಮಗೂ ಅದೇ ಸರಿ ಎನ್ನಿಸಿತು. ಸಾಕವ್ವ ದಪ್ಪನೆಯ ಮುಚ್ಚಳ ಸುಟ್ಟುಕೊಟ್ಟಳು. ಸುಣ್ಣಕ್ಕೆ ಬೆಲ್ಲದ ನೀರು ಹಾಕಿ ಅರೆದು, ಗಾಳಿಯೂ ನುಸುಳದಂತೆ ಸುತ್ತ ಮೆತ್ತಿದೆವು.

ಕೊಳ ತಗ್ಗಿದ್ದ ಬೇಸಿಗೆಯಲ್ಲೇ ಕೆಲಸ ಮುಗಿಯಿತು. ಒಂದು ಮಾತು ಹೇಳಬೇಕು, ಜವರಯ್ಯ ಗೊಣಗುತ್ತಲೇ ಬಂದು ಬಳೆಗಳಿಗೆ ಭುಜ ಕೊಟ್ಟ. "ಹೆಚ್ಚುಕಮ್ಮಿ ಆದ್ರೆ ಹೋಗೋದು ನನ್ನ ನೀರುಗಂಟಿಕೆ, ನಿನ್ನದೇನು" ಅಂದ.

ಮಳೆ ಬಂತು, ಕೊಳ ತುಂಬಿತು, ತೂಬಿನಲ್ಲಿ ನೀರು ಸಣ್ಣಗೆ ಹೊರಟಿತು. ನಾನು ಏರಿಯಾಚೆ ಓಡಿಹೋಗಿ ಕೈಯೊಡ್ಡಿದೆ. ತಣ್ಣಗೆ, ಉಗುರಿನ ಸಂದಿಗೆ ಚುಚ್ಚುವಷ್ಟು ತಣ್ಣಗೆ ಇತ್ತು. ಕೆಳಗಿನಿಂದ ಹೊಂಬಾಳಿ ಹೇಳಿಕಳಿಸಿದಳು: ಹಳ್ಳದ ಬಾಯಲ್ಲಿ ಮೀನು ನಿಂತಿವೆ, ಹಿಂದಿರುಗಿಲ್ಲ, ಹತ್ತುತ್ತಿವೆ. ಆ ದಿನ ಮನೆಯಲ್ಲಿ ಯಾರು ಏನೆಂದರೂ ನನ್ನ ಕೈ ಬಿಸಿಯಾಗಲಿಲ್ಲ.

ಆಮೇಲೆ ದೊಡ್ಡ ಮಳೆ ಹೊಡೆಯಿತು. ಕೊಳಕ್ಕೆ ಒಮ್ಮೆಲೇ ನೀರು ನುಗ್ಗಿತು, ತೂಬಿನ ಒಳಗೆ ಗೊಟಗೊಟ ಸದ್ದು ಶುರುವಾಯಿತು, ಬಾಯಾರಿದ ಎಮ್ಮೆ ಕುಡಿಯುವ ಹಾಗೆ. ಮಳೆ ನಿಂತರೂ ಆ ಸದ್ದು ನಿಲ್ಲಲಿಲ್ಲ. ನೀರು ತನ್ನ ಮಟ್ಟಕ್ಕೆ ಇಳಿಯಿತು, ಅದನ್ನು ದಾಟಿ ಕೆಳಗಿಳಿಯಿತು, ಮೆಟ್ಟಿಲು ಒಂದೊಂದಾಗಿ ಹೊರಬಿತ್ತು. ಜವರಯ್ಯ ಏರಿಯ ಮೇಲೆ ಅತ್ತಿಂದಿತ್ತ ಓಡಾಡಿದ, ಮುಚ್ಚುವುದೇನನ್ನು ಎಂದು ಯಾರಿಗೂ ತಿಳಿಯಲಿಲ್ಲ. ದನ ಮನೆಗೆ ಬರುವ ಹೊತ್ತಿಗೆ ತಳದ ಕೆಸರು ಕಂಡಿತು. ತಣ್ಣೀರೆಲ್ಲ ಮುಗಿದ ಮೇಲೆ ಕೊನೆಗೆ ಹೋದದ್ದು ಮೇಲೆ ತೇಲುತ್ತಿದ್ದ ಬಿಸಿ, ಇಡೀ ಊರಿನ ಹೆಂಗಸರದು, ಒಟ್ಟಿಗೆ.

ಮಾರನೇ ದಿನ ಹೊಂಬಾಳಿ ಬಂದಳು. ಈ ಸಲ ಬುಟ್ಟಿ ತುಂಬಿತ್ತು. ಬೆಂದು ಬಿಳಿಚಿದ ಗೆಂಡೆಗಳು, ಹೊಟ್ಟೆಯಲ್ಲಿ ಮೊಟ್ಟೆ ಹಾಗೇ ಇದ್ದವು. "ಅವ್ವ ನೀರಿಗೆ ಕೈ ಹಾಕಿ ಸುಟ್ಕೊಂಡ್ಳು" ಅಂದಳು. "ಊರಿನ ಎಲ್ಲಾ ಮನೆ ಸುದ್ದೀನೂ ಒಂದೇ ಸಲಕ್ಕೆ ಬಂತು ಕಣೇ, ಯಾರದು ಯಾವುದೂಂತ ಗೊತ್ತಾಗ್ಲಿಲ್ಲ ಅಂತಾಳೆ." ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳಲಾರೆ. "ಇನ್ನೊಂದು ಮಳೆವರೆಗೆ ಕಾಯ್ತೀವಿ ಅಕ್ಕಾ. ಹೊಳೇಲಿ ಇನ್ನೊಂದು ಹಿಂಡು ಐತೆ. ಅದೂ ಬರ್ಲಿಲ್ಲ ಅಂದ್ರೆ ಹೊರಟ್ವಿ."

ಕಟ್ಟೆಯಲ್ಲಿ ಜವರಯ್ಯನಿಗೆ ಆದ ಅವಮಾನವನ್ನು ನಾನು ನೋಡಲಿಲ್ಲ, ಅವನ ಮುಖದಲ್ಲಿ ಓದಿಕೊಂಡೆ. ಮನೆಗೆ ಬಂದವನೇ ಕೈ ಎತ್ತಿದ. ಅದು ಹೊಸದೇನಲ್ಲ. ಕೈ ಬೀಳುತ್ತದೆ, ಬೆಳಗ್ಗೆ ಕೊಳಕ್ಕೆ ಹೋಗುತ್ತೇನೆ, ಇಳಿಯುತ್ತದೆ. ಆದರೆ ಕೊಳ ಖಾಲಿಯಾಗಿತ್ತು. ನಾನು ಇಳಿಸಿರಲಿಲ್ಲ. ಬೀಳುವ ಕೈಯನ್ನು ನನ್ನ ಬಲಗೈ ತಾನಾಗಿ ಹಿಡಿಯಿತು. ಜವರಯ್ಯ ಕಿರುಚಿ ಕೈ ಕಿತ್ತುಕೊಂಡ. ಅವನ ಮಣಿಕಟ್ಟಿನ ಮೇಲೆ ನನ್ನ ಐದು ಬೆರಳೂ ಕೆಂಪಗೆ ಎದ್ದಿದ್ದವು. ಇಬ್ಬರೂ ಆ ಗುರುತನ್ನು ನೋಡುತ್ತಾ ನಿಂತೆವು. ಆಮೇಲೆ ನಾನು ಹರಳೆಣ್ಣೆ ತಂದು ಹಚ್ಚಿದೆ, ಬೆರಳು ತಾಗದಂತೆ, ಕೋಳಿಗರಿಯಿಂದ. ಮರುದಿನದಿಂದ ಅವನು ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ತಿರುಗಿದ. ಕಟ್ಟೆಯಲ್ಲಿ ಯಾರೂ ಯಾಕೆಂದು ಕೇಳಲಿಲ್ಲ. ಬಟ್ಟೆ ಸುತ್ತಿಕೊಂಡವರು ಬೇರೆಯವರೂ ಇದ್ದರು.

ಕೊಳ ಖಾಲಿಯಿದ್ದ ಆ ದಿನಗಳ ವಿಷಯ ನಮ್ಮೂರಲ್ಲಿ ಈಗ ಯಾರೂ ಮಾತಾಡುವುದಿಲ್ಲ. ಹೆಂಗಸರು ಅಂಗೈ ಮೇಲೆ ಹಪ್ಪಳ ಸುಟ್ಟರು. ಸಾಕವ್ವ ತನ್ನ ಗಂಡನ ಪಂಚೆಯನ್ನು ಕೈಯಲ್ಲೇ ಸವರಿ ಇಸ್ತ್ರಿ ಮಾಡಿದಳು, ಬೇಕೆಂದೇ ಒಂದು ಕಡೆ ಕಂದು ಬಣ್ಣ ಬರಿಸಿದಳು. ಗಂಡಸರು ಒಂದೆರಡು ದಿನ ತಾವೇ ಗಂಜಿ ಬೇಯಿಸಿಕೊಂಡರು, ತಳ ಹಿಡಿಸಿದರು, ಆಮೇಲೆ ನಾವು ಮಾಡಿದ್ದನ್ನೇ ಹೆದರುತ್ತಾ ತಿಂದರು. ಯಾರ ಹೊಟ್ಟೆಯೂ ಉರಿಯಲಿಲ್ಲ. ಹಾಲೂ ಒಡೆಯಲಿಲ್ಲ. ಯಾರ ಮನೆಯಲ್ಲೂ ತಟ್ಟೆ ಅಂಗಳಕ್ಕೆ ಹೋಗಲಿಲ್ಲ. "ಒಂಚೂರು ಉಪ್ಪು ಕೊಡ್ತೀಯೇನೇ" ಎಂದು ಜವರಯ್ಯ ಕೇಳಿದ ದಿನ ನಾನು ಉಪ್ಪಿನ ಮರಿಗೆಯನ್ನೇ ತಂದು ಅವನ ಮುಂದಿಟ್ಟೆ.

ಆದರೆ ಹೊಂಬಾಳಿ ಹೇಳಿದ ಮಳೆ ದಿಗಂತದಲ್ಲಿ ಕಟ್ಟುತ್ತಿತ್ತು. ಹಾಗೇ ಬಿಟ್ಟರೆ ಕೊಳ ತುಂಬುತ್ತದೆ, ಮತ್ತೆ ಬರಿದಾಗುತ್ತದೆ. ಹಳೆಯ ಕಂಬವನ್ನೇ ಉಳಿಸಿ ನಮ್ಮ ಬಳೆಗಳನ್ನು ಒಡೆದುಹಾಕಿ ಎಂದು ಯಜಮಾನರು ಹೇಳಿಯಾಗಿತ್ತು. ನಾನು ಮನೆಯ ಹಿಂದೆ ಮಡಕೆಗೆ ಪರಂಗಿ ದಂಟು ಇಳಿಬಿಟ್ಟು ಹರಿಯುವ ನೀರನ್ನು ನೋಡುತ್ತಾ ಕೂತೆ. ಅವ್ವ ಸಾಕೆನಿಸಿದಾಗ ದಂಟು ಎತ್ತುತ್ತಿದ್ದಳು. ಎತ್ತಿದಾಗ ಒಳಗೆ ಹೋಗುವುದು ಗಾಳಿ. ನಾನು ಎತ್ತದೆ, ದಂಟಿನ ಬೆನ್ನಿಗೆ ಮುಳ್ಳಿನಿಂದ ಒಂದು ತೂತು ಹಾಕಿದೆ. ಸೊರ್ ಎಂದು ಗಾಳಿ ಎಳೆದುಕೊಂಡು ನೀರು ತಟ್ಟನೆ ನಿಂತಿತು.

ಒನಕೆ ತೆಗೆದುಕೊಂಡು ಕೊಳದ ಕೆಸರಿಗೆ ಇಳಿದೆ. ಹಿಂದೆಯೇ ಸಾಕವ್ವ ಏಣಿ ಹೊತ್ತು ಬಂದಳು. ಅವಳ ಹಿಂದೆ ಇನ್ನಷ್ಟು ಜನ ಬಂದರು, ಒಡೆಯಲು ಬಂದೆವೆಂದು ಗಂಡಸರು ತಿಳಿಯಲಿ ಎಂದು ಎಲ್ಲರ ಕೈಯಲ್ಲೂ ಒಂದೊಂದು ಒನಕೆ. ನಾನು ಏಣಿ ಹತ್ತಿ ಮುಚ್ಚಳದ ನಡುವಿಗೆ ಗುರಿಯಿಟ್ಟಾಗ ಸಾಕವ್ವ ಕೆಳಗಿನಿಂದ ಕೇಳಿದಳು: "ಬಾಯಿ ತೆರೀತಾ ಇದೀಯ ಮಂಚಮ್ಮ. ಕಾವು ತಿರುಗಿ ನಮ್ಮ ಮೈಯೇ ಹತ್ತಿದ್ರೆ?"

"ಹತ್ಲಿ ಬಿಡು. ನಮ್ದೇ ತಾನೆ."

ಅಂಗೈ ಅಗಲದ ತೂತು ಬಿತ್ತು.

ಮಳೆ ಬಂದು ಕೊಳ ತುಂಬಿತು. ನೀರು ತನ್ನ ಮಟ್ಟಕ್ಕೆ ಬಂದು ನಿಂತಿತು. ಗೊಟಗೊಟ ಸದ್ದು ಬರಲಿಲ್ಲ. ಮುಚ್ಚಳದ ತೂತು ನಿದ್ದೆ ಮಾಡುವವರ ಹಾಗೆ ಮೆಲ್ಲಗೆ ಉಸಿರಾಡಿತು. ನಾವು ಮತ್ತೆ ಮೆಟ್ಟಿಲಿಗೆ ಬಂದು ಕೈ ಇಳಿಸಿದೆವು, ಆ ಬಿಸಿ ಮೇಲೆಯೇ ಉಳಿಯಿತು. ಏರಿಯಾಚೆ ತಣ್ಣೀರು ಹರಿಯಿತು. ಹಿಂಡು ಹತ್ತಿತು. ಹಟ್ಟಿಯವರು ಸುತ್ತಿದ ಬಲೆ ಬಿಚ್ಚಿದರು.

ಈಗ ಉರಿ ಹತ್ತಿದ್ದು ಆಚೆ ದಡಕ್ಕೆ. ಹಳ್ಳಕ್ಕೆ ಹೋಗುತ್ತಿದ್ದ ಬಿಸಿಯೆಲ್ಲ ಕೊಳದಲ್ಲೇ ನಿಂತು ಗಂಡಸರ ಮೆಟ್ಟಿಲನ್ನು ಮುಟ್ಟಿತು. ಮೊದಲ ದಿನ ಧುಮುಕಿದವರು ಧುಮುಕಿದಷ್ಟೇ ಬೇಗ ಮೇಲೆ ಬಂದರು. ಕಟ್ಟೆ ಸೇರಿತು. ಪುಟ್ಟತಮ್ಮಯ್ಯನವರ ಕಾಲಿಗೆ ಬೊಬ್ಬೆ ಎದ್ದಿತ್ತು.

"ತೆಗೀರಿ ಅದನ್ನ" ಎಂದರು. "ಹಟ್ಟಿಯೋರ ಮೀನಿಗೋಸ್ಕರ ಊರಿನೋರು ಬೇಯ್ಬೇಕಾ?"

"ತೆಗೀಲಿ ಯಜಮಾನ್ರೇ, ನಾವೇನು ಅಡ್ಡ ಬರಲ್ಲ" ಎಂದೆ. "ನಮ್ಮ ಮೆಟ್ಲಿಂದ ನಾಕು ಹೆಜ್ಜೆ ನೀರಿಗಿಳೀಬೇಕು ಅಷ್ಟೇಯ. ಯಾರು ಇಳೀತೀರಿ?"

ಯಾರೂ ಏಳಲಿಲ್ಲ. ನಮ್ಮ ಮೆಟ್ಟಿಲ ಹತ್ತಿರದ ನೀರಿನಿಂದ ಹಗಲಲ್ಲೇ ಆವಿ ಏಳುತ್ತಿತ್ತು. ಅದರಲ್ಲಿ ಕೈಯಿಡುವ ರೂಢಿ ಇದ್ದದ್ದು ನಮಗೆ ಮಾತ್ರ.

"ನೀರುಗಂಟಿ, ನಿನ್ನ ಹೆಂಡ್ತಿಗೆ ಹೇಳಯ್ಯ" ಎಂದರು ಯಜಮಾನರು.

ಜವರಯ್ಯ ಮಣಿಕಟ್ಟಿನ ಬಟ್ಟೆಯನ್ನು ಮುಟ್ಟಿಕೊಂಡ. ಅವನು ಏನು ಹೇಳುತ್ತಾನೋ ಎಂದು ನಾನೂ ಕಾದೆ. "ತೂಬು ಸರಿಯಾಗೇ ಕೆಲಸ ಮಾಡ್ತೈತೆ ಯಜಮಾನ್ರೇ" ಅಂದ, ನೆಲ ನೋಡಿಕೊಂಡು. "ನೀರುಗಂಟಿಯಾಗಿ ನಾನು ಹೇಳಾದು ಅಷ್ಟೇಯ."

"ಹಂಗಾದ್ರೆ ನೀರು ತಣ್ಣಗಾಗೋದು ಹೆಂಗೆ?"

"ಅದು ನಮ್ಮ ಕೈಯಾಗೆ ಇಲ್ಲ" ಎಂದೆ ನಾನು. "ನೀವು ಕೊಡೋದು ಕಮ್ಮಿ ಮಾಡಿದ್ರೆ ನೀರು ತಾನಾಗಿ ತಣ್ಣಗಾಗ್ತದೆ. ಅಲ್ಲೀಗಂಟ ಬೆಂದ್ಕೊಂಡೇ ಸ್ನಾನ ಮಾಡಿ. ತಾಳ್ಮೆ ಅಂಬೋದು ಕಲಿತರೆ ಬರ್ತದಂತೆ."

ಸಾಕವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಕಟ್ಟೆ ಅಂದು ತೀರ್ಪಿಲ್ಲದೆ ಎದ್ದಿತು. ತೂಬು ನಿಂತಿದೆ. ಕೆಲವರು ಮನೆಗೆ ಬಿಂದಿಗೆ ಹೊತ್ತು ತಂದು ಆರಿಸಿಕೊಂಡು ಸ್ನಾನ ಮಾಡುತ್ತಾರೆ. ಕೆಲವು ಮನೆಗಳಲ್ಲಿ ಮಾತು ಮೆತ್ತಗಾಗಿದೆ. ಎಲ್ಲ ಮನೆಗಳಲ್ಲಿ ಅಲ್ಲ.

ಮಳೆಗಾಲ ಕಳೆದು ಹೊಂಬಾಳಿ ಒಣಮೀನು ತಂದಳು. "ಹಳ್ಳ ಹಿಂಗೆ ತಣ್ಣಗೆ ಹರಿಯೋದು ನೋಡಿ ಹಟ್ಟಿ ಹೆಂಗಸ್ರೆಲ್ಲ, ನಿಮ್ಮ ಮಂಚಮ್ಮ ಈಗ ಸುಖವಾಗವ್ಳೆ ಅಂತಾರೆ ಅಕ್ಕಾ. ಅವ್ವ ಮಾತ್ರ ಒಪ್ಪಲ್ಲ. ದಿನಾ ಕೈ ಹಾಕ್ತಾಳೆ, ತೆಗೀತಾಳೆ. 'ಇದು ತಳದ ನೀರು ಕಣ್ರೇ, ಅವಳದಲ್ಲ' ಅಂತಾಳೆ. ನಿಜ ಹೇಳು, ಹೆಂಗಿದೀಯ?"

"ಅವ್ವನ ಕೈ ಮಾಯ್ತಾ?" ಎಂದು ಕೇಳಿದೆ. ಅವಳು ಮಾಯ್ತು ಅಂದಳು. ಹೆಂಗಿದೀಯ ಎಂದು ಮತ್ತೆ ಕೇಳಲಿಲ್ಲ.

ಜವರಯ್ಯನ ಮಣಿಕಟ್ಟಿನ ಗುರುತು ಮಾಸುತ್ತಾ ಬಂದಿತ್ತು. ಬಟ್ಟೆ ಸುತ್ತುವುದನ್ನು ಬಿಟ್ಟಿದ್ದ. ನಿನ್ನೆ ಸಂಜೆ ಸಾರಿಗೆ ಹುಳಿ ಹೆಚ್ಚಾಯಿತೆಂದು ತಟ್ಟೆಯನ್ನು ನೂಕಿದ. ಎಸೆಯಲಿಲ್ಲ, ನೂಕಿದ. ತಟ್ಟೆ ಒಲೆಯವರೆಗೆ ಜಾರಿಹೋಗಿ ನಿಂತಿತು. ಆ ತಟ್ಟೆ ಮುಂದಿನ ಸಲ ಎಲ್ಲಿಯವರೆಗೆ ಹೋಗುತ್ತದೆಂದು ನನಗೆ ಗೊತ್ತಿತ್ತು.

ಈ ಬೆಳಗ್ಗೆ ಮೆಟ್ಟಿಲಿಗೆ ಬಂದು ಎಂದಿನ ಜಾಗದಲ್ಲಿ ಕೂತೆ. ಸಾಕವ್ವ ಆಗಲೇ ಮೊಣಕೈವರೆಗೆ ಇಳಿಸಿ ಕಣ್ಣು ಮುಚ್ಚಿದ್ದಳು. ಮುಚ್ಚಳದ ತೂತು ಉಸಿರಾಡುತ್ತಿತ್ತು. ನಾನು ಎಡಗೈಯನ್ನು ನೀರಿಗೆ ಹಾಕಿ ಎಂದಿನಂತೆ ಪೂರ್ತಿ ಇಳಿಯುವವರೆಗೆ ಕಾದೆ. ಬಲಗೈಯನ್ನು ಇಳಿಸದೆ ಸೆರಗಿನೊಳಗೆ, ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಸೀರೆಯ ಮಡಿಕೆಯಲ್ಲಿ ಅದು ಕಾವು ಕೂತ ಕೋಳಿಯಂತೆ ಬೆಚ್ಚಗಿತ್ತು. ಎದ್ದೆ. ಯಾರೂ ನೋಡಲಿಲ್ಲ.

ಹೊಸಿಲಲ್ಲಿ ಜವರಯ್ಯ ಬೇವಿನ ಕಡ್ಡಿ ಅಗಿಯುತ್ತಾ ಕೂತಿದ್ದ. "ಇಳೀತಾ?" ಎಂದು ಕೇಳಿದ.

"ಹ್ಞೂಂ" ಎಂದು ಅವನನ್ನು ದಾಟಿ ಒಳಗೆ ಹೋದೆ. ಮುದ್ದೆಗೆ ಎಸರಿಟ್ಟೆ. ಹಿಟ್ಟನ್ನು ಆ ಬಲಗೈಯಿಂದಲೇ ತೊಳಸಿ, ಆ ಕೈಯಿಂದಲೇ ಉಂಡೆ ಕಟ್ಟಿ, ತಟ್ಟೆಯ ನಡುವೆ ಇಟ್ಟು ಅವನ ಮುಂದೆ ತಳ್ಳಿದೆ. ಒಂದು ತುತ್ತು ಮುರಿದು ಬಾಯಿಗಿಟ್ಟುಕೊಂಡ.

"ಇವತ್ತು ಗಂಟಿಲ್ಲ" ಅಂದ.